ಕಾರಿನಲ್ಲಿ ಸುಟ್ಟ ಆಯಿಲ್ ವಾಸನೆ: ಸೋರುತ್ತಿದ್ದ ಜಾಗ ಸಿಕ್ಕಿತು

ನಮಸ್ಕಾರ. ವಾಸನೆ ಕ್ಯಾಮೆರಾಗೆ ಸಿಗುವುದಿಲ್ಲ ಅಲ್ವಾ, ಅದಕ್ಕೆ ನಾನೇ ಹೇಳುತ್ತೇನೆ. ಕಾರು ಓಡುತ್ತಿರುವಾಗ ಏನೂ ಗೊತ್ತಾಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತ ಸ್ವಲ್ಪ ಹೊತ್ತಿಗೆ ಒಳಗೆಲ್ಲ ಕರಕಲು ಎಣ್ಣೆಯ ಕಮಟು. ಓಡುವಾಗ ಗಾಳಿ ಸೋರಿದ ಆಯಿಲ್ ಸುಟ್ಟ ಹೊಗೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ, ನಿಂತಾಗ ಅದು ಮೇಲೇರಿ ಮುಂಗಾಜಿನ ಬುಡದ ಜಾಲರಿಯಿಂದ ನೇರ ಒಳಗೆ ನುಗ್ಗುತ್ತದೆ. ಹೊರಗಿನ ಗಾಳಿ ಬರದ ಹಾಗೆ ಗುಂಡಿ ಒತ್ತಿದರೆ ವಾಸನೆ ಕಡಿಮೆಯಾಗುತ್ತದೆ, ತುಂಬ ಜನ ಅಷ್ಟಕ್ಕೇ ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೋರಿದ ಆಯಿಲ್ ಬೀಳುವ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್‌ನಿಂದ ಹೊಗೆ ಹೊರಹೋಗುವ ಕೊಳವೆ, ನೂರಾರು ಡಿಗ್ರಿ ಕಾಯುತ್ತದೆ. ಎಂಜಿನ್ ಆಯಿಲ್ 200 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಅದರ ಆವಿ ಕಿಡಿ ತಾಗಿದರೂ ಹೊತ್ತಿಕೊಳ್ಳಬಹುದು. ಸೋರಿಕೆ ಜಾಸ್ತಿಯಾದರೆ ಬಾನೆಟ್ ಕೆಳಗೆ ಬೆಂಕಿಯೇ ಬೀಳಬಹುದು.

ಮೊದಲು ಇದು ಆಯಿಲ್ ವಾಸನೆಯೇ ಅಂತ ಖಚಿತ ಮಾಡಿಕೊಳ್ಳಿ. ಸಿಹಿ ಸಿಹಿ ವಾಸನೆ ಬಂದರೆ ಕೂಲೆಂಟ್. ಏರಿನಲ್ಲಿ ಗೇರ್ ಹಾಕಿ ಒದ್ದಾಡಿದ ಮೇಲೆ ಸುಟ್ಟ ಕಾಗದದ ವಾಸನೆ ಬಂದರೆ ಕ್ಲಚ್. ಪ್ಲಾಸ್ಟಿಕ್ ಕರಗಿದ ವಾಸನೆಯಾದರೆ ವೈರಿಂಗ್ ಇರಬಹುದು, ಆಗ ಯೋಚನೆ ಬೇಡ, ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಇಳಿಯಿರಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸಿಲಿಂಡರ್ ಒಳಗೇ ಉರಿಯುತ್ತಿದೆ ಅಂತ ಅರ್ಥ, ಅದು ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಕಡೆಯ ದೊಡ್ಡ ಕೆಲಸ. ಇಲ್ಲಿ ನೀಲಿ ಹೊಗೆ ಇಲ್ಲ. ಮೊನ್ನೆ ಮೊನ್ನೆ ಆಯಿಲ್ ಬದಲಾಯಿಸಿದ್ದರೆ ಫಿಲ್ಟರ್ ತೆಗೆಯುವಾಗ ಚೆಲ್ಲಿದ ಆಯಿಲ್ ಆಗಿರಬಹುದು, ಅದು ತಾನಾಗೇ ಉರಿದು ಹೋಗುತ್ತದೆ. ಇಲ್ಲಿ ಅದೂ ಅಲ್ಲ.

ಕೆಳಗೆ ನೋಡಿ, ಎಲ್ಲೆಲ್ಲೂ ಒದ್ದೆ. ಕೆಳಗಿನ ಹನಿ ನೋಡಿ ತೀರ್ಮಾನ ಮಾಡಲೇಬಾರದು. ಆಯಿಲ್ ಮೇಲಿಂದ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹನಿ ಒಂದು ಕಡೆ, ತೂತು ಇನ್ನೊಂದು ಕಡೆ. ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಯಾವುದು, ಅದನ್ನು ಹುಡುಕಬೇಕು. ಎಲ್ಲ ಒರೆಸಿ, ಒಂದು ಸುತ್ತು ಓಡಿಸಿ, ಮತ್ತೆ ಟಾರ್ಚ್ ಹಾಕಿ ನೋಡುವುದು. ಆಗಲೂ ಗೊತ್ತಾಗದಿದ್ದರೆ ಆಯಿಲ್‌ಗೆ ಹಾಕುವ ಬಣ್ಣ ಸಿಗುತ್ತದೆ, ಯುವಿ ಟಾರ್ಚ್ ಬಿಟ್ಟರೆ ಹೊಳೆಯುತ್ತದೆ. ನಮಗೆ ಅದು ಬೇಕಾಗಲಿಲ್ಲ. ಇಲ್ಲಿ, ಎಂಜಿನ್ ಮೇಲಿನ ಮುಚ್ಚಳ, ಅಂದರೆ ವಾಲ್ವ್ ಕವರ್‌ನ ಹಿಂದಿನ ಅಂಚು, ನೇರ ಕೆಳಗೆ ಮ್ಯಾನಿಫೋಲ್ಡ್.

ಈ ಎಂಜಿನ್ ಮೇಲಿನ ಪ್ಲಾಸ್ಟಿಕ್ ಹೊದಿಕೆ ನನಗೆ ಸ್ವಲ್ಪವೂ ಇಷ್ಟವಿಲ್ಲ. ಇಂಥ ಸೋರಿಕೆಯನ್ನೆಲ್ಲ ಮುಚ್ಚಿಡುವುದೇ ಅದು. ಆದರೂ ತೆಗೆದು ಓಡಿಸಿದಾಗ ಇಂಜೆಕ್ಟರ್‌ಗಳ ಟಿಕ್ ಟಿಕ್ ಶಬ್ದ ಕೇಳಿದರೆ ಅದಕ್ಕೂ ಒಂದು ಕೆಲಸ ಇದೆ ಅನ್ನಿಸುತ್ತದೆ. ಇರಲಿ, ಇಟ್ಟುಕೊಳ್ಳಿ. ಹಾಂ, ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಕೊಡುವ ಕಾಯಿಲ್‌ಗಳು ಹೊರಗೆ ಬಂದವು. ಪ್ಲಗ್ ಇರುವ ಗುಂಡಿಗಳ ಒಳಗೆ ಟಾರ್ಚ್ ಬಿಡುತ್ತಿದ್ದೇನೆ. ಅಲ್ಲಿ ಆಯಿಲ್ ನಿಂತಿದ್ದರೆ ಆ ಗುಂಡಿಯ ಸುತ್ತಲಿನ ಟ್ಯೂಬ್ ಸೀಲ್ ಹೋಗಿದೆ ಅಂತ ಅರ್ಥ, ಎಂಜಿನ್ ಮಿಸ್ ಹೊಡೆಯುವುದಕ್ಕೂ ಅದು ಕಾರಣವಾಗುತ್ತದೆ. ಇಲ್ಲಿ ಒಣಗಿದೆ, ಒಳ್ಳೆಯದು.

ಈಗ ಕವರ್ ಎದ್ದಿತು. ಇದನ್ನು ಹತ್ತಿರದಿಂದ ನೋಡಿ. ಈ ಬೂದು ಬಣ್ಣದ ಅಂಟು ಕಾಣಿಸಿತಾ? ಹಿಂದೆ ಯಾರೋ ಇದೇ ಸೋರಿಕೆ ನೋಡಿದ್ದಾರೆ, ಕವರ್ ಅಂಚಿನ ಹಳೆಯ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಬದಲಾಯಿಸದೆ ಅದರ ಮೇಲೆಯೇ ಸುತ್ತಲೂ ಸಿಲಿಕೋನ್ ಸೀಲೆಂಟ್ ಮೆತ್ತಿ ಮುಚ್ಚಿ ಕಳಿಸಿದ್ದಾರೆ. ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ ಇಂಥದ್ದಕ್ಕೆ. ಹೊರಗೆ ಉಬ್ಬಿದ ಅಂಟು ನಮಗೆ ಕಾಣುತ್ತದೆ, ಒಳಗೆ ಉಬ್ಬಿದ್ದು ಕಾಣುವುದಿಲ್ಲ. ಅದು ತುಂಡಾಗಿ ಆಯಿಲ್ ಜೊತೆ ಕೆಳಗಿಳಿದು, ಆಯಿಲ್ ಪಂಪ್ ಹೀರಿಕೊಳ್ಳುವ ಜಾಲರಿಗೆ ಹೋಗಿ ಕಚ್ಚಿಕೊಂಡರೆ, ಆಯಿಲ್ ಒತ್ತಡ ಬಿದ್ದು ಬೇರಿಂಗ್‌ಗಳೇ ಹೋಗುತ್ತವೆ. ಒಂದು ರಬ್ಬರ್ ಪಟ್ಟಿ ಹಾಕುವ ಬದಲು ಇಡೀ ಎಂಜಿನ್ನನ್ನು ಅಪಾಯಕ್ಕೆ ದೂಡಿದ ಹಾಗಾಯಿತು. ಅದನ್ನು ಕಿತ್ತು ತೆಗೆಯುವುದೂ ಸುಲಭವಲ್ಲ. ಲೋಹದ ಬ್ಲೇಡ್ ಹಾಕಿದರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ, ಆ ಗೀರಿನಿಂದಲೇ ಮತ್ತೆ ಸೋರುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್ ಹಿಡಿದು, ಒಳಗೆ ಒಂದು ಚೂರೂ ಬೀಳದ ಹಾಗೆ ಬಟ್ಟೆ ತುರುಕಿ, ನಿಧಾನಕ್ಕೆ ಕೆರೆಯಬೇಕು. ಈ ಭಾಗವನ್ನು ವಿಡಿಯೋದಲ್ಲಿ ವೇಗವಾಗಿ ಓಡಿಸಿದ್ದೇನೆ, ಕೆಲಸ ಮಾತ್ರ ಹಾಗೆ ಓಡುವುದಿಲ್ಲ. ಇನ್ನೊಂದು ವಿಷಯ, ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುತ್ತದೆ, ಕಾದ ಲೋಹದ ಮೇಲೆ ಸಿಂಪಡಿಸಿದರೆ ವಿಷಗಾಳಿ ಏಳುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಇದೆಲ್ಲ.

ಹಳೆಯ ಗ್ಯಾಸ್ಕೆಟ್ ನೋಡಿ, ಬಗ್ಗಿಸಿದರೆ ಒಣ ಕಡ್ಡಿಯ ಹಾಗೆ ಮುರಿಯುತ್ತದೆ. ವರ್ಷಗಟ್ಟಲೆ ಶಾಖ ತಿಂದ ರಬ್ಬರ್, ಅದರ ತಪ್ಪಲ್ಲ. ಆದರೆ ಹೊಸದನ್ನು ಹಾಕುವ ಮೊದಲು ಪಿಸಿವಿ ವಾಲ್ವ್ ನೋಡಲೇಬೇಕು. ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳುವ ಗಾಳಿಯನ್ನು ಹೊರಗೆ ಎಳೆಯುವ ದಾರಿ ಇದು. ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಆಯಿಲ್ ಸಿಕ್ಕ ಸಂದಿಯಿಂದ ಹೊರಗೆ ಬರುತ್ತದೆ, ಗ್ಯಾಸ್ಕೆಟ್ ಎಷ್ಟು ಹೊಸದಾದರೇನು. ಈ ಥರದ ವಾಲ್ವ್ ಅಲ್ಲಾಡಿಸಿದರೆ ಟಕಟಕ ಅನ್ನಬೇಕು. ಇದು ಅನ್ನುತ್ತಿಲ್ಲ, ಮಸಿ ಕಟ್ಟಿದೆ. ಹೊಸದು ಹಾಕುತ್ತಿದ್ದೇನೆ.

ಈಗ ಸೀಲೆಂಟ್ ಟ್ಯೂಬ್ ನನ್ನ ಕೈಯಲ್ಲೇ ಇದೆ, ಹೌದು. ಎಂಜಿನ್ ಬದಿಯ ಟೈಮಿಂಗ್ ಕವರ್ ಮತ್ತು ಈ ಮುಚ್ಚಳ ಕೂರುವ ಹೆಡ್ ಸೇರುವ ಈ ಎರಡು ಮೂಲೆಗಳಿಗೆ ಒಂದೊಂದು ಸಣ್ಣ ಹನಿ ಹಾಕಲು ಈ ಎಂಜಿನ್‌ನ ಕೈಪಿಡಿಯೇ ಹೇಳುತ್ತದೆ. ಅಲ್ಲಿ ಅದು ಬೇಕು. ಉಳಿದ ಕಡೆ ಗ್ಯಾಸ್ಕೆಟ್ ಒಣಗಿಯೇ ಕೂರಬೇಕು.

ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಇವು ಸಣ್ಣ ಬೋಲ್ಟ್‌ಗಳು, ಹೆಚ್ಚಿನ ಕಾರುಗಳಲ್ಲಿ 10 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಸಾಕು, ನಿಮ್ಮ ಕೈಪಿಡಿ ನೋಡಿಕೊಳ್ಳಿ. ಜೋರು ತಿರುಗಿಸಿದರೆ ಸೋರಿಕೆ ನಿಲ್ಲುತ್ತದೆ ಅನ್ನುವುದು ಸುಳ್ಳು. ಕವರ್ ಸೊಟ್ಟಗಾಗುತ್ತದೆ, ಇಲ್ಲವೇ ಹೆಡ್‌ನಲ್ಲಿ ಬೋಲ್ಟ್ ಕೂರುವ ತೂತಿನ ತಿರುಪಿನ ಎಳೆಯೇ ಕಿತ್ತು ಬರುತ್ತದೆ.

ಸೀಲೆಂಟ್ ಗಟ್ಟಿಯಾಗಲು ಬಿಟ್ಟು ಈಗ ಸ್ಟಾರ್ಟ್ ಮಾಡಿದೆ. ಹೊಗೆ ನೋಡಿ ಗಾಬರಿಯಾಗಬೇಡಿ, ಮ್ಯಾನಿಫೋಲ್ಡ್ ಮೇಲೆ ಉಳಿದ ಹಳೆಯ ಆಯಿಲ್ ಅದು, ಕೆಲವು ದಿನ ಹೀಗೇ ಇರುತ್ತದೆ. ಅಂಚು ಒಣಗಿದೆಯಾ ಅನ್ನುವುದೇ ಮುಖ್ಯ. ಒಣಗಿದೆ. ಡಿಪ್‌ಸ್ಟಿಕ್ ನೋಡಿ ಬೇಕಾದಷ್ಟು ಆಯಿಲ್ ತುಂಬಿಸಿದ್ದೇನೆ. ಇನ್ನು ಕೆಳಗಿನ ತಟ್ಟೆ ಹಾಕುವುದೊಂದೇ ಬಾಕಿ, ಬ್ಯಾಟರಿ ಮುಗಿಯುತ್ತಿದೆ, ಕ್ಯಾಮೆರಾ ಆಫ್ ಮಾಡುತ್ತೇನೆ.