ಕ್ಲೋವಿಸ್ ಅಂದರೆ ಲೂಯಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಹೆಸರಿನ ವಿಚಾರ. ಫ್ರಾನ್ಸಿನಲ್ಲಿ ಈಗ ಅಪರೂಪವಾಗಿರುವ ಗಂಡು ಹೆಸರು, ಕ್ಲೋವಿಸ್. ಕೊನೆಯ ‘ಸ್’ ಸ್ಪಷ್ಟವಾಗಿ ಕೇಳಬೇಕು. ಲೂಯಿ ಎಂದು ಬರೆಯುವಾಗಲೂ ಫ್ರೆಂಚರು ಕೊನೆಗೆ ಅದೇ ಅಕ್ಷರ ಹಾಕುತ್ತಾರೆ, ಬಾಯಲ್ಲಿ ಮಾತ್ರ ಅನ್ನುವುದಿಲ್ಲ. ಹಾಗಾಗಿ ಕಿವಿಗೆ ಎರಡೂ ಬೇರೆ ಬೇರೆ. ಅಲ್ಲ! ಕ್ಲೋವಿಸ್ ಅಂದರೆ ಲೂಯಿಯೇ.

ಮೂಲ ರೂಪ ಹ್ಲೋಡೊವಿಗ್, ಫ್ರಾನ್ಸಿಗೆ ಹೆಸರು ಕೊಟ್ಟ ಜರ್ಮನಿಕ್ ಜನ ಫ್ರಾಂಕರ ಮಾತು. ‘ಹ್ಲೋಡ್’ ಕೀರ್ತಿ, ‘ವಿಗ್’ ಕಾಳಗ. ಕಾಳಗದಲ್ಲಿ ಹೆಸರಾದವನು ಎಂದರ್ಥ. ಈ ‘ಹ್ಲೋಡ್’ ನಮಗೆ ಪೂರಾ ಪರಕೀಯವಲ್ಲ. ಸಂಸ್ಕೃತದಿಂದ ನಾವು ಪಡೆದ ಶ್ರುತ, ವಿಶ್ರುತ ಎಂಬ ಪದಗಳಿಗೆ ದೂರದ ದಾಯಾದಿ. ನಾಲ್ಕು ಜನರ ಕಿವಿಗೆ ಬಿದ್ದವನೇ ವಿಶ್ರುತ.

ಇನ್ನು ಆ ‘ಹ್ಲ’. ಪ್ರಹ್ಲಾದ ಎಂದು ಹೇಳಿ ನೋಡಿ. ನಡುವೆ ಇದ್ದಾಗಲೇ ನಾಲಿಗೆ ತೊಡರಿ ಎಷ್ಟೋ ಜನ ಪ್ರಲ್ಹಾದ ಅನ್ನುತ್ತೇವೆ. ಫ್ರಾಂಕರು ಅದನ್ನು ಪದದ ಮೊದಲಿಗೇ ಇಟ್ಟು, ಗಂಟಲಿನಿಂದ ಉಜ್ಜಿ, ಹೆಚ್ಚುಕಡಿಮೆ ‘ಖ್ಲ’ ಎಂಬಂತೆ ನುಡಿಯುತ್ತಿದ್ದರು. ಲ್ಯಾಟಿನ್ ಬರಹಗಾರರು ಅದನ್ನು ಕಕಾರದಂತೆ ಬರೆದರು. ಆ ಬರಹದ ದಾರಿಯಿಂದ ಕ್ಲೋವಿಸ್. ಮುಂದೆ ಮಾತಿನಲ್ಲಿ ಹಕಾರ ಸವೆದು ಬಿದ್ದೇಹೋಯಿತು. ಆ ದಾರಿಯಿಂದ ಲುಡೊವಿಕಸ್, ಲೂಯಿ. ಜರ್ಮನರ ಲುಡ್ವಿಗ್ ಕೂಡ ಇದೇ.

ಇದಕ್ಕೆ ಸಾಕ್ಷಿ ಒಂದು ತೊಟ್ಟಿಲು. ಈ ಹೆಸರಿನ ಅರಸ ಕ್ಲೋವಿಸ್ ಫ್ರಾಂಕರನ್ನು ಆಳಿದ್ದು 481ರಿಂದ 511ರವರೆಗೆ. ಅವನ ವಂಶದ ಕೊನೆಯ ಅರಸನನ್ನು 751ರಲ್ಲಿ ಗದ್ದುಗೆಯಿಂದ ಇಳಿಸಿ ತಾನೇ ಏರಿದವನು ಪೆಪಿನ್. ಆ ವಂಶಕ್ಕೆ ಉದ್ದಗೂದಲೇ ಅರಸುತನದ ಗುರುತು, ಅದನ್ನು ಕತ್ತರಿಸಿ ಅರಸನನ್ನು ಮಠಕ್ಕೆ ಕಳಿಸಿದರು. ಪೆಪಿನನ ಮಗ ಶಾರ್ಲಮೇನ್. 778ರಲ್ಲಿ ಅವನು ಸ್ಪೇನಿನ ದಂಡಯಾತ್ರೆಗೆ ಹೋದ ವರ್ಷ ರಾಣಿ ಹಿಲ್ಡೆಗಾರ್ಡ್ ಅವಳಿ ಗಂಡುಮಕ್ಕಳನ್ನು ಹೆತ್ತಳು. ಅವರ ಮನೆತನದ ಹೆಸರುಗಳು ಪೆಪಿನ್, ಚಾರ್ಲ್ಸ್, ಕಾರ್ಲೊಮನ್. ಈ ಕೂಸುಗಳಿಗೆ ಮಾತ್ರ ಇಟ್ಟದ್ದು ಲೂಯಿ, ಲೊತೇರ್. ಅಂದರೆ ಕ್ಲೋವಿಸ್, ಮತ್ತು ಅವನ ಮಗ ಕ್ಲೊತೇರ್! ತಾವು ಇಳಿಸಿದ ವಂಶದ ಹೆಸರುಗಳನ್ನೇ ತಮ್ಮ ತೊಟ್ಟಿಲಿಗೆ ತಂದರು, ನಾವೇ ಅವರ ವಾರಸುದಾರರು ಎಂದು ಸಾರಲು. ಲೊತೇರ್ ಎಳವೆಯಲ್ಲೇ ತೀರಿಕೊಂಡ. ಲೂಯಿ 814ರಲ್ಲಿ ಚಕ್ರವರ್ತಿಯಾದ. ಫ್ರೆಂಚರ ‘ಹದಿನಾಲ್ಕನೆಯ ಲೂಯಿ’, ‘ಹದಿನಾರನೆಯ ಲೂಯಿ’ ಎಂಬ ಎಣಿಕೆ ಶುರುವಾಗುವುದು ಇವನಿಂದ. ಕ್ಲೋವಿಸ್ ಎಣಿಕೆಯಿಂದ ಹೊರಗುಳಿದ. ಹೆಸರು ಒಂದೇ ಎಂಬುದು ಮರೆತದ್ದು ಹೀಗೆ.

ವೇಳೆ ಆಗುತ್ತಾ ಬಂತು, ಹೆಣ್ಣು ಹೆಸರಿನ ಬಗ್ಗೆ ಒಂದೇ ಮಾತು. ಕ್ಲೋವಿಸನ ರಾಣಿ ಕ್ಲೊಟಿಲ್ಡ್. ಅಲ್ಲೂ ಅದೇ ‘ಹ್ಲೋಡ್’. ಹಿಂದಿರುವ ‘ಹಿಲ್ಡ್’ ಎಂದರೂ ಕಾಳಗವೇ. ಗಂಡ ಹೆಂಡತಿ ಇಬ್ಬರ ಹೆಸರಿಗೂ ಒಂದೇ ಅರ್ಥ. ನಮಸ್ಕಾರ.