ಹೊಸ್ತಿಲ ಮೇಲೆ ಹಾದುಹೋದ ಗಡಿ: ಬರ್ಲಿನ್‌ನ ಒಂದು ಬೀದಿ

[ದೃಶ್ಯ: ಬರ್ಲಿನ್ ನಕ್ಷೆ, ಬೆರ್ನಾವರ್ ಸ್ಟ್ರಾಸೆಯ ಗುರುತು]

ಬರ್ಲಿನ್ ಗೋಡೆ ಎಂದೊಡನೆ 1989ರ ನವೆಂಬರ್‌ನಲ್ಲಿ ಅದರ ಮೇಲೇರಿ ಸಂಭ್ರಮಿಸಿದ ಜನರೇ ಕಣ್ಮುಂದೆ ಬರುತ್ತಾರೆ. ಆದರೆ ಗೋಡೆ ಅಕ್ಕಪಕ್ಕದವರ ಬದುಕನ್ನು ಏನು ಮಾಡಿತೆಂದು ತಿಳಿಯಲು ಬೆರ್ನಾವರ್ ಸ್ಟ್ರಾಸೆ ಎಂಬ ಬೀದಿಯನ್ನು ನೋಡಬೇಕು. ಇಲ್ಲಿ ದಕ್ಷಿಣ ಬದಿಯ ಮನೆಗಳು ಪೂರ್ವ ಬರ್ಲಿನ್‌ಗೂ ಅವುಗಳ ಮುಂದಿನ ಫುಟ್‌ಪಾತ್ ಪಶ್ಚಿಮ ಬರ್ಲಿನ್‌ಗೂ ಸೇರಿದ್ದರಿಂದ, ಹೊಸ್ತಿಲು ದಾಟಿದರೆ ಗಡಿಯನ್ನೇ ದಾಟಿದಂತಾಗುತ್ತಿತ್ತು.

1961ರ ಆಗಸ್ಟ್ 13ರಂದು ಪೂರ್ವ ಜರ್ಮನಿ ತನ್ನವರು ಪಶ್ಚಿಮಕ್ಕೆ ಹೋಗದಂತೆ ಗಡಿ ಮುಚ್ಚಿದ ಬಳಿಕ ಬೀದಿಬಾಗಿಲುಗಳಿಗೆ ಮೊಳೆ ಹೊಡೆದು, ಕೆಳಗಿನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಲಾಯಿತು. ಜನ ಮೇಲಿನ ಕಿಟಕಿಗಳಿಂದ ಜಿಗಿಯತೊಡಗಿದರು; ಕೆಳಗೆ ಪಶ್ಚಿಮದ ಅಗ್ನಿಶಾಮಕ ಸಿಬ್ಬಂದಿ ಬಲೆ ಹಿಡಿಯುತ್ತಿದ್ದರು. ಆಗಸ್ಟ್ 22ರ ಬೆಳಿಗ್ಗೆ 48ನೇ ನಂಬರಿನ ಮನೆಯ ಇಡಾ ಸೀಕ್‌ಮನ್ ಹಾಸಿಗೆ, ಸಾಮಾನುಗಳನ್ನು ಕೆಳಗೆಸೆದು, ಬಲೆ ಬಿಚ್ಚುವ ಮೊದಲೇ ಹಾರಿ ಪ್ರಾಣ ಕಳೆದುಕೊಂಡರು. ಮರುದಿನ ಅವರಿಗೆ 59 ತುಂಬುತ್ತಿತ್ತು. ಗೋಡೆಯ ಮೊದಲ ಬಲಿ ಅವರೇ.

ಆ ಶರತ್ಕಾಲದಲ್ಲಿ ಸುಮಾರು 2,000 ನಿವಾಸಿಗಳನ್ನು ಒಕ್ಕಲೆಬ್ಬಿಸಲಾಯಿತು. ಮುಂದೆ ಮನೆಗಳನ್ನು ಕೆಡವಿದರೂ, ಅವುಗಳ ಮುಂಗೋಡೆಗಳು ವರ್ಷಗಟ್ಟಲೆ ಗಡಿಗೋಡೆಯಾಗಿ ನಿಂತಿದ್ದವು. ಪಶ್ಚಿಮ ಬದಿಯ ವೆಡ್ಡಿಂಗ್ ಬಡಾವಣೆಯ ಅಂಗಡಿಗಳು ಪೂರ್ವದ ಗಿರಾಕಿಗಳನ್ನು ಕಳೆದುಕೊಂಡವು. ಪಶ್ಚಿಮದ ಮೆಟ್ರೋ ರೈಲುಗಳು ಬೀದಿಯ ಕೆಳಗಿನ ನಿಲ್ದಾಣದಲ್ಲಿ ನಿಲ್ಲದೆ ಸಾಗುತ್ತಿದ್ದವು. ಅದು ಮತ್ತೆ ತೆರೆದದ್ದು 1990ರಲ್ಲಿ.

[ದೃಶ್ಯ: ಚರ್ಚ್ ಗೋಪುರ ಕುಸಿಯುವ ಹಳೆಯ ಚಿತ್ರಗಳು]

ಇದೇ ಬೀದಿಯ ರೀಕನ್ಸಿಲಿಯೇಷನ್ ಚರ್ಚಿನ ಭಕ್ತರಲ್ಲಿ ಹೆಚ್ಚಿನವರು ಪಶ್ಚಿಮದಲ್ಲಿದ್ದರು, ಕಟ್ಟಡ ಮಾತ್ರ ಗೋಡೆಯ ಹಿಂದಿನ ಕಾವಲುಪಟ್ಟಿಯೊಳಗೆ ಸಿಕ್ಕಿಕೊಂಡಿತು. 1894ರಲ್ಲಿ ಉದ್ಘಾಟನೆಯಾದ ಆ ಚರ್ಚನ್ನು ಪೂರ್ವ ಜರ್ಮನಿಯ ಸರ್ಕಾರ 1985ರ ಜನವರಿಯಲ್ಲಿ ಸ್ಫೋಟಿಸಿ ಕೆಡವಿತು. ಐದು ವರ್ಷದೊಳಗೆ ಗೋಡೆಯೇ ಬಿತ್ತು. 2000ದಲ್ಲಿ ಅದೇ ಜಾಗದಲ್ಲಿ, ಹಳೆಯ ಚರ್ಚಿನ ಪುಡಿಯಾದ ಇಟ್ಟಿಗೆಯನ್ನು ಬೆರೆಸಿದ ಜೇಡಿಮಣ್ಣಿನಿಂದ ಸಣ್ಣ ಪ್ರಾರ್ಥನಾಮಂದಿರವನ್ನು ಕಟ್ಟಿದರು.

ಗೋಡೆ ಉಳಿಯಬೇಕೇ ಎಂಬ ಪ್ರಶ್ನೆಗೆ ಇಲ್ಲಿನವರೇ ಒಮ್ಮತಕ್ಕೆ ಬರಲಿಲ್ಲ. ರೀಕನ್ಸಿಲಿಯೇಷನ್ ಚರ್ಚಿನ ಪಾದ್ರಿ ಮಾನ್‌ಫ್ರೆಡ್ ಫಿಶರ್ ಅದನ್ನು ಉಳಿಸಲು ಹೋರಾಡಿದರೆ, ಪಕ್ಕದ ಸೋಫಿಯನ್ ಚರ್ಚಿನವರಿಗೆ ತಮ್ಮ ಸ್ಮಶಾನದ ನೆಲ ಮರಳಿ ಬೇಕಿತ್ತು. ಗಡಿಪಟ್ಟಿಗಾಗಿ ಅಲ್ಲಿನ ಸಮಾಧಿಗಳನ್ನು ತೆರವುಗೊಳಿಸಿದ್ದರಿಂದ ಅವರ ಸಿಟ್ಟು ನನಗೆ ಅನ್ಯಾಯವೆನಿಸುವುದಿಲ್ಲ; ಹೊರಗಿನವರು ಸ್ಮಾರಕವೆಂದು ನೋಡುವ ಕಾಂಕ್ರೀಟು ಅವರ ಪಾಲಿಗೆ ಹಿರಿಯರ ಗೋರಿಗಳ ಮೇಲಿನ ಅತಿಕ್ರಮಣವಾಗಿತ್ತು. 1997ರಲ್ಲಿ ಅವರು ಗೋಡೆಯ ಒಂದಷ್ಟು ತುಂಡುಗಳನ್ನು ತೆಗೆಸಿಯೇಬಿಟ್ಟರು. ಮರುವರ್ಷ ಸ್ಮಾರಕ ಉದ್ಘಾಟನೆಯಾಯಿತು, ಆದರೆ ಗೋಡೆಯನ್ನು ಹೊಸದಾಗಿ ಕಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ. ಅದು ಇಲ್ಲದ ಕಡೆ ತುಕ್ಕುಬಣ್ಣದ ಉಕ್ಕಿನ ಸರಳುಗಳನ್ನು ನೆಟ್ಟು ಗಡಿಯ ಜಾಡನ್ನಷ್ಟೇ ಗುರುತಿಸಿದ್ದಾರೆ.