ಸೆಲ್ಫ್ ಎಳೆಯದ ಬೆಳಗು

ಕೇಳುಗರೇ, ನಮಸ್ಕಾರ.

ಊಂ... ಊಂ... ಊಂ... ಟಕ್.

ಮೈಕಿನ ಮುಂದೆ ಕೂತು ಹೀಗೆ ಸದ್ದು ಮಾಡುವುದು ನನ್ನ ವಯಸ್ಸಿಗೆ ಒಪ್ಪುವಂಥದ್ದಲ್ಲ. ಆದರೆ ಕಾರಿಟ್ಟುಕೊಂಡವರಿಗೆ ಇದು ಯಾವ ಸದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಧನುರ್ಮಾಸದ ಬೆಳಗಿನ ಜಾವ, ಗಾಜಿನ ಮೇಲೆ ಇಬ್ಬನಿ, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುವ ನೆಂಟರು. ಕೀಲಿ ತಿರುಗಿಸಿದರೆ ಎಂಜಿನ್ ನರಳುತ್ತದೆಯೇ ಹೊರತು ಏಳುವುದಿಲ್ಲ. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ, ಸೆಲ್ಫ್ ಎಳೆಯುತ್ತಿಲ್ಲ.

ಸೆಲ್ಫ್ ಅಂದರೆ ಸೆಲ್ಫ್ ಸ್ಟಾರ್ಟರ್, ಎಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಮೋಟಾರು. ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಈ ಮೋಟಾರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದಕ್ಕೆ ಮುಂಚೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ನಮ್ಮಲ್ಲಿ ಅಂಬಾಸಿಡರ್ ಕಾಲದವರಿಗೂ ಹ್ಯಾಂಡಲ್ಲಿನ ಪರಿಚಯ ಉಂಟು. ಅದು ಹಿಂದಕ್ಕೆ ಒದ್ದರೆ ಮಣಿಕಟ್ಟಿನ ಗತಿ ಏನಾಗುತ್ತಿತ್ತು ಎಂದು ಅವರನ್ನೇ ಕೇಳಿ.

ಈಗ ಆ ಸದ್ದಿಗೆ ಬರೋಣ. ಎಂಜಿನ್ ಕಿರಕಿರಕಿರ ಅಂತ ಚುರುಕಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಅದರ ದಾರಿ ಬೇರೆ. ನಿಧಾನವಾಗಿ ತಿರುಗುತ್ತಿದ್ದರೆ ಪ್ಲಗ್ ಬಿಚ್ಚಬೇಡಿ, ಫಿಲ್ಟರ್ ಬದಲಿಸಬೇಡಿ. ಎಂಜಿನ್ ಸ್ಟಾರ್ಟ್ ಆಗಲು ಅದನ್ನು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿಸಬೇಕು. ಡೀಸೆಲ್ ಗಾಡಿಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ. ಸಿಲಿಂಡರಿನ ಗಾಳಿಯನ್ನು ಗಬಕ್ಕನೆ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ನಿಧಾನ ಒತ್ತಿದರೆ ಆ ಬಿಸಿಯೆಲ್ಲ ತಣ್ಣನೆಯ ಲೋಹಕ್ಕೆ ಇಳಿದುಹೋಗುತ್ತದೆ. ಪೆಟ್ರೋಲ್ ಗಾಡಿಗಳಲ್ಲೂ ವೋಲ್ಟೇಜ್ ತೀರಾ ಕುಸಿದರೆ ಒಳಗಿನ ಕಂಪ್ಯೂಟರು ಕೈಚೆಲ್ಲಿಬಿಡುತ್ತದೆ.

ಹಾಗಾದರೆ ನಿಧಾನ ಯಾಕೆ? ಎಲ್ಲರ ಬಾಯಲ್ಲೂ ಒಂದೇ ಉತ್ತರ, ಬ್ಯಾಟರಿ. ಬಹುಪಾಲು ಸಲ ಅದು ನಿಜವೇ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಬಲ ಜಾಸ್ತಿ ಬೇಕಾದ ಹೊತ್ತಿಗೇ ಬಲ ಕಮ್ಮಿ. ನಾನೂ ಹಾಗೇ ಅಂದುಕೊಂಡು ಒಂದು ಅಂಗಡಿಗೆ ಹೋದೆ. ಅವರು ವೋಲ್ಟ್ ಅಳೆಯುವ ಮೀಟರ್ ಇಟ್ಟೂ ನೋಡದೆ ಹೊಸ ಬ್ಯಾಟರಿ ಕೂರಿಸಿ ಆರೂವರೆ ಸಾವಿರ ಎಣಿಸಿಕೊಂಡರು. ಎಂಟು ದಿನ ಗಾಡಿ ಚೆನ್ನಾಗಿತ್ತು. ಒಂಬತ್ತನೆಯ ದಿನ ಚಳಿ ಜೋರಾಯಿತು. ಊಂ... ಊಂ... ಊಂ.

ಅದೇ ಅಂಗಡಿಯವರು ಈಗ ಸೆಲ್ಫ್ ಬಿಚ್ಚಬೇಕು ಅಂದರು. ನಾನು ಬೇಡವೆಂದು ನಮ್ಮೂರ ಆಟೋ ಎಲೆಕ್ಟ್ರಿಷಿಯನ್ ಸಾಬರನ್ನು ಕರೆದುಕೊಂಡು ಬಂದೆ.

ಸಾಬರು ಮೊದಲು ಹೆಡ್‌ಲೈಟ್ ಹಾಕಿಸಿ, ತಾವು ಗಾಡಿಯ ಮುಂದೆ ನಿಂತರು. "ಹೊಡೀರಿ ಮೇಷ್ಟ್ರೇ" ಅಂದರು. ಹೊಡೆದೆ. ಲೈಟು ಸ್ವಲ್ಪ ಮಂಕಾಯಿತು, ಅಷ್ಟೆ. ಬ್ಯಾಟರಿ ಸತ್ತಿದ್ದರೆ ಲೈಟು ಎಣ್ಣೆ ತೀರಿದ ದೀಪದ ಹಾಗೆ ಕುಗ್ಗಿಹೋಗುತ್ತಿತ್ತು. ಆಮೇಲೆ ಮೀಟರ್ ಹಿಡಿದರು. ಗಾಡಿ ಸುಮ್ಮನಿದ್ದಾಗ 12.6 ವೋಲ್ಟ್, ಅಂದರೆ ಪೂರ್ತಿ ಚಾರ್ಜ್. 12.2 ಇದ್ದಿದ್ದರೆ ಅರ್ಧ ಖಾಲಿ ಅಂತ ಲೆಕ್ಕ. ಸೆಲ್ಫ್ ಹೊಡೆಯುವಾಗ 11ರ ಹತ್ತಿರ ನಿಂತಿತು. ಈ ಅಂಕಿ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಅನುಮಾನಿಸಬೇಕು. ನನ್ನದು ಇಳಿದಿರಲಿಲ್ಲ.

"ಬ್ಯಾಟ್ರಿ ಗಟ್ಟಿ ಐತೆ. ಕರೆಂಟು ದಾರೀಲಿ ಎಲ್ಲೋ ಕೂತೈತೆ" ಅಂದವರೇ ತಮ್ಮ ಚೀಲದಿಂದ ಜಂಪರ್ ಕೇಬಲ್, ಅಂದರೆ ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟು ಕೊಡುವ ದಪ್ಪ ತಂತಿ, ತೆಗೆದರು. ಇನ್ನೊಂದು ಗಾಡಿಯೇ ಇಲ್ಲ, ಇವರು ಯಾವುದಕ್ಕೆ ಜೋಡಿಸುತ್ತಾರೆ ಅಂತ ನಾನು ನೋಡುತ್ತಲೇ ಇದ್ದೆ. ಕಪ್ಪು ತಂತಿಯ ಒಂದು ತುದಿಯನ್ನು ನನ್ನ ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿದರು, ಇನ್ನೊಂದನ್ನು ನನ್ನದೇ ಎಂಜಿನ್ನಿನ ಎತ್ತುವ ಕೊಕ್ಕೆಗೆ. "ಈಗ ಹೊಡೀರಿ." ಎಂಜಿನ್ ಎರಡೇ ಸುತ್ತಿಗೆ ಎದ್ದು ಕೂತಿತು.

ಬಗ್ಗಿ ಟಾರ್ಚ್ ಬಿಟ್ಟು ತೋರಿಸಿದರು. ಎಂಜಿನ್ನಿಂದ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ ಹೋಗುವ, ಜಡೆಯ ಹಾಗೆ ಹೆಣೆದ ತಾಮ್ರದ ಪಟ್ಟಿ. ಕರೆಂಟು ಬ್ಯಾಟರಿಯ ಮೈನಸ್ಸಿಗೆ ವಾಪಸು ಹೋಗುವ ದಾರಿ ಅದೇ. ಅರ್ಥ್ ಪಟ್ಟಿ ಅನ್ನುತ್ತಾರೆ. ಬೋಲ್ಟಿನ ಹತ್ತಿರ ಪಾಚಿಯಂತೆ ಹಸಿರಾಗಿತ್ತು, ಅರ್ಧ ಎಳೆಗಳು ಕಡಿದು ಕೆದರಿದ್ದವು. ಕೇಬಲ್ ತೆಗೆದು ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿಗೆ ಇಟ್ಟು ಮತ್ತೆ ಸೆಲ್ಫ್ ಹೊಡೆಸಿದರು. 2 ವೋಲ್ಟ್! ಅಲ್ಲಿ ಅರ್ಧ ವೋಲ್ಟೂ ಇರಬಾರದು.

ನಾನು ಐಟಿಐನಲ್ಲಿ ಇಪ್ಪತ್ತು ವರ್ಷ ಓಮ್‌ನ ನಿಯಮ ಪಾಠ ಮಾಡಿದವನು. ಹರಿಯುವ ಕರೆಂಟನ್ನು ದಾರಿಯ ಅಡ್ಡಿಯಿಂದ ಗುಣಿಸಿದರೆ ಅಲ್ಲಿ ಕಳೆದುಹೋಗುವ ವೋಲ್ಟ್ ಸಿಗುತ್ತದೆ. ಸೆಲ್ಫ್ ಎಳೆಯುವುದು 200 ಆಂಪಿಯರ್ ಅಂದುಕೊಳ್ಳಿ. ದಾರಿಯಲ್ಲಿ ಓಮಿನ ನೂರನೇ ಒಂದು ಪಾಲು ಅಡ್ಡಿಯಿದ್ದರೂ 2 ವೋಲ್ಟ್ ಅಲ್ಲೇ ಸುಟ್ಟುಹೋಗುತ್ತದೆ. ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ನನ್ನ ಬಾನೆಟ್ಟಿನೊಳಗೆ ಅದು ನನಗೆ ಕಾಣಲಿಲ್ಲ.

ಇದೇ ಕಾಯಿಲೆ ಬ್ಯಾಟರಿಗೆ ತಂತಿ ಕೂರುವ ಜಾಗದಲ್ಲೂ, ಅಂದರೆ ಟರ್ಮಿನಲ್ಲಿನಲ್ಲೂ ಬರುತ್ತದೆ. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೈನಸ್ ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಉಜ್ಜಿ, ಬಿಗಿಯಾಗಿ ಕೂರಿಸಿ. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಟರ್ಮಿನಲ್ ತಿರುಗಿದರೆ ಅಲ್ಲೇ ತಪ್ಪು. ದಾರಿಯೆಲ್ಲ ಸರಿಯಿದ್ದೂ ಎಳೆಯದಿದ್ದರೆ ಆಗ ಸೆಲ್ಫ್ ಬಿಚ್ಚಿಸಿ; ಅದರೊಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದಿರುತ್ತದೆ, ಇಲ್ಲವೇ ಅಚ್ಚು ಹಿಡಿಯುವ ಬುಶ್ ಹೋಗಿ ಆರ್ಮೇಚರ್, ಅಂದರೆ ತಿರುಗುವ ಭಾಗ, ಉಜ್ಜುತ್ತಿರುತ್ತದೆ. ಹೊಸ ಬ್ಯಾಟರಿಯೇ ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಂಜಿನ್ ಓಡುವಾಗ ಮೀಟರ್ ಇಡಿ. 14ರ ಆಸುಪಾಸು ತೋರಿಸದಿದ್ದರೆ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ.

ಒಂದು ಎಚ್ಚರಿಕೆ. ಮಳೆಗಾಲದಲ್ಲಿ ನೀರು ತುಂಬಿದ ರಸ್ತೆ ದಾಟುವಾಗ ಗಾಡಿ ನಿಂತು, ಆಮೇಲೆ ಸೆಲ್ಫ್ ಟಕ್ಕೆಂದು ಸಿಕ್ಕಿಕೊಂಡರೆ ಮತ್ತೊಮ್ಮೆ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಎಂಜಿನ್ನಿನೊಳಗಿನ ಕನೆಕ್ಟಿಂಗ್ ರಾಡ್ ಎಂಬ ಸರಳು ಬಾಗಬಹುದು. ಆಗ ಖರ್ಚು ಬ್ಯಾಟರಿಯ ಲೆಕ್ಕದಲ್ಲಿ ಇರುವುದಿಲ್ಲ.

ಇನ್ನು ತಳ್ಳಿ ಸ್ಟಾರ್ಟ್ ಮಾಡುವುದು. ಮಲೆನಾಡಿನವರು ಕಾರನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವುದು ಚಂದಕ್ಕಲ್ಲ ಅಂತ ನಿಮಗೆ ಗೊತ್ತು. ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಆಯಿತು; ಆಟೋಮ್ಯಾಟಿಕ್ ಗಾಡಿಗೆ ಮಾತ್ರ ಈ ಆಟ ನಡೆಯದು. ಇನ್ನೊಂದು ಗಾಡಿಯಿಂದ ಕರೆಂಟು ತೆಗೆದುಕೊಳ್ಳುವುದಾದರೆ ಕಪ್ಪು ತಂತಿಯ ಕೊನೆಯ ತುದಿಯನ್ನು ಸತ್ತ ಬ್ಯಾಟರಿಯ ಮೇಲೆ ಇಡದೆ, ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಜಲಜನಕ ಹೊಮ್ಮುತ್ತಿರುತ್ತದೆ, ಕಿಡಿ ಹಾರಿದರೆ ಸಿಡಿಯಬಹುದು.

ನನ್ನ ಗಾಡಿಯ ಹೊಸ ಅರ್ಥ್ ಪಟ್ಟಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಹಳೆಯ ಬ್ಯಾಟರಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟೆ ಅಂದಾಗ ಸಾಬರು ನನ್ನ ಮುಖ ನೋಡಿ, ಏನೂ ಹೇಳದೆ, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡರು.

ಸೆಲ್ಫ್ ಚುರುಕಾಗಿ ತಿರುಗಿಯೂ ಗಾಡಿ ಏಳದಿದ್ದರೆ ಏನು ಮಾಡುವುದು ಅನ್ನುವುದನ್ನು ಇನ್ನೊಂದು ದಿನ ಮಾತಾಡೋಣ. ನಮಸ್ಕಾರ.